ಬಿಡಿಸಿದವರು ಶುಲ್ಜ್, ಮಾಲೀಕರು ಬೇರೆಯವರು: ಪೀನಟ್ಸ್ ಮತ್ತು ಸಿಂಡಿಕೇಟ್ ಲೆಕ್ಕ

ಪ್ರಶ್ನೆ: ಮೇಡಂ, ನಾನು ಬಿಎಫ್‌ಎ ಕೊನೆಯ ವರ್ಷದಲ್ಲಿದ್ದೇನೆ. ದಿನಾ ಒಂದು ಕಾಮಿಕ್ ಸ್ಟ್ರಿಪ್ ಬಿಡಿಸಿ ಬದುಕಬೇಕು ಅಂತ ಆಸೆ. ಪೀನಟ್ಸ್ ಅನ್ನುವ ಅಮೆರಿಕದ ಸ್ಟ್ರಿಪ್ ಬಿಡಿಸಿದ ಚಾರ್ಲ್ಸ್ ಶುಲ್ಜ್ ಬಗ್ಗೆ ಒಂದು ಮಾತು ಪದೇ ಪದೇ ಕೇಳಿದ್ದೇನೆ. ಐವತ್ತು ವರ್ಷ ಒಬ್ಬರೇ ಬಿಡಿಸಿದರು, ಕೋಟಿಗಟ್ಟಲೆ ದುಡಿದರು, ಆದರೆ ಅದರಲ್ಲಿ ಬರುವ ನಾಯಿ ಸ್ನೂಪಿ ಅವರ ಸ್ವತ್ತಾಗಿರಲಿಲ್ಲ ಅಂತ. ಇದು ಹೇಗೆ? ಸಿಂಡಿಕೇಟ್ ಅಂದರೆ ಏನು? ನಿಜಕ್ಕೂ ಒಬ್ಬರೇ ಬಿಡಿಸಿದರಾ? ಅವರು ಹೋದ ಮೇಲೆ ಬೇರೆ ಯಾರೂ ಯಾಕೆ ಮುಂದುವರಿಸಲಿಲ್ಲ?

ಉತ್ತರ: ನೀವು ಕೇಳಿದ್ದೆಲ್ಲ ನಿಜವೇ. ಒಬ್ಬರೇ ಬಿಡಿಸಿದ್ದೂ ನಿಜ, ಕೋಟಿಗಟ್ಟಲೆ ದುಡಿದದ್ದೂ ನಿಜ, ಕಾಪಿರೈಟ್ ಅವರ ಹೆಸರಿನಲ್ಲಿ ಇರಲಿಲ್ಲ ಅನ್ನುವುದೂ ನಿಜ. ಆದರೆ ಇವನ್ನು ಮೂರು ಬೇರೆ ಸಂಗತಿಗಳು ಅಂದುಕೊಳ್ಳಬೇಡಿ. ಕಾಗದದ ಮೇಲೆ ಒಡೆತನ ಇಲ್ಲದ ಮನುಷ್ಯನಿಗೆ ಉಳಿದಿದ್ದು ಪೆನ್ನು ಒಂದೇ. ಆ ಪೆನ್ನನ್ನು ಅವರು ಯಾರ ಕೈಗೂ ಕೊಡಲಿಲ್ಲ. ಅವರ ಜೋರೆಲ್ಲ ನಡೆದದ್ದು ಅದರಿಂದಲೇ ಅನ್ನುವುದು ನನ್ನ ಅಭಿಪ್ರಾಯ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಸಿಂಡಿಕೇಟ್. ಹೆಸರು ದೊಡ್ಡದು, ಕೆಲಸ ಸರಳ. ಅದು ಮಾರಿ ಹಂಚುವ ಕಂಪನಿ. ಅಮೆರಿಕದಲ್ಲಿ ಪೇಪರ್ ಅಂದರೆ ಊರಿನ ಪೇಪರ್. ಆಗ ಎಷ್ಟೋ ಊರುಗಳಲ್ಲಿ ಬೆಳಗ್ಗೆಗೊಂದು, ಸಂಜೆಗೊಂದು ಇರುತ್ತಿದ್ದವು. ಅಂಥ ಸಣ್ಣ ಪೇಪರ್‌ಗೆ ಹತ್ತಿಪ್ಪತ್ತು ಕಾರ್ಟೂನಿಸ್ಟ್‌ಗಳನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಆಗುತ್ತದಾ? ಓದುಗರಿಗೋ ಒಂದು ಪುಟ ತುಂಬ ಕಾಮಿಕ್ಸ್ ಬೇಕೇ ಬೇಕು. ಈ ಸಂದಿಯಲ್ಲಿ ಹುಟ್ಟಿಕೊಂಡವು ಕಿಂಗ್ ಫೀಚರ್ಸ್, ಯುನೈಟೆಡ್ ಫೀಚರ್‌ನಂಥ ಸಿಂಡಿಕೇಟ್‌ಗಳು. ಕಲಾವಿದರಿಂದ ಒಂದು ಸ್ಟ್ರಿಪ್ ತೆಗೆದುಕೊಂಡು ಅದನ್ನೇ ನೂರಾರು ಪೇಪರ್‌ಗಳಿಗೆ ಮಾರುತ್ತವೆ. ಪೇಪರ್‌ನ ಪ್ರಸಾರ ನೋಡಿ ದರ. ಸಣ್ಣ ಊರಿನ ಪೇಪರ್ ವಾರಕ್ಕೆ ಕೆಲವೇ ಡಾಲರ್ ಕೊಟ್ಟರೆ ಸಾಕು, ಮಹಾನಗರದ ಪೇಪರ್ ಜಾಸ್ತಿ ಕೊಡಬೇಕು. ಒಂದು ಪೇಪರ್‌ಗೆ ಕೊಟ್ಟರೆ ಅದೇ ಊರಿನ ಎದುರಾಳಿ ಪೇಪರ್‌ಗೆ ಕೊಡುವುದಿಲ್ಲ ಅನ್ನುವುದು ರೂಢಿ. ಬಂದ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಸಿಂಡಿಕೇಟ್‌ಗೆ, ಅರ್ಧ ಕಲಾವಿದರಿಗೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಸರಾಸರಿ ವಾರಕ್ಕೆ 10 ಡಾಲರ್ ಅಂತಿಟ್ಟುಕೊಳ್ಳಿ. ಏಳು ಪೇಪರ್‌ಗೆ ಹೋದರೆ 70 ಡಾಲರ್, ಕೈಗೆ ಬರುವುದು 35. ಅದೇ ಸ್ಟ್ರಿಪ್ ಎರಡು ಸಾವಿರ ಪೇಪರ್‌ಗೆ ಹೋದರೆ ವಾರಕ್ಕೆ 20,000, ಕೈಗೆ 10,000. ಬಿಡಿಸುವ ಕೆಲಸ ಎರಡು ಕಡೆಯೂ ಅಷ್ಟೇ, ವಾರಕ್ಕೆ ಏಳು ಸ್ಟ್ರಿಪ್. ಇದು ಅರ್ಥವಾದರೆ ಒಂದು ಸ್ಟ್ರಿಪ್‌ನಿಂದ ಒಬ್ಬ ಮನುಷ್ಯ ಹೇಗೆ ಶ್ರೀಮಂತನಾಗುತ್ತಾನೆ ಅನ್ನುವುದು ಅರ್ಥವಾದ ಹಾಗೆ. ಬಹುತೇಕರು ಯಾಕೆ ಆಗುವುದಿಲ್ಲ ಅನ್ನುವುದೂ.

ಈಗ ಶುಲ್ಜ್. ಹುಟ್ಟಿದ್ದು 1922ರ ನವೆಂಬರ್ 26, ಮಿನಿಯಾಪೊಲಿಸ್‌ನಲ್ಲಿ. ಬೆಳೆದದ್ದು ಪಕ್ಕದ ಸೇಂಟ್ ಪಾಲ್‌ನಲ್ಲಿ. ಅಪ್ಪ ಕ್ಷೌರದ ಅಂಗಡಿ ಇಟ್ಟಿದ್ದರು, ಜರ್ಮನಿಯಿಂದ ಬಂದವರು. ಅಮ್ಮನ ಕಡೆಯವರು ನಾರ್ವೆ ಮೂಲದವರು. ಒಬ್ಬನೇ ಮಗ. ಮಗು ಹುಟ್ಟಿದ ಎರಡೇ ದಿನಕ್ಕೆ ಮಾವನೊಬ್ಬ 'ಸ್ಪಾರ್ಕಿ' ಅಂತ ಕರೆದ. ಆಗ ಪೇಪರ್‌ನಲ್ಲಿ ಬರುತ್ತಿದ್ದ ಒಂದು ಸ್ಟ್ರಿಪ್‌ನಲ್ಲಿ ಸ್ಪಾರ್ಕ್ ಪ್ಲಗ್ ಅನ್ನುವ ಕುದುರೆ ಇತ್ತು, ಅದರ ಹೆಸರು. ಕೊನೆಯವರೆಗೂ ಹತ್ತಿರದವರಿಗೆಲ್ಲ ಅವರು ಸ್ಪಾರ್ಕಿಯೇ. ಹುಟ್ಟುತ್ತಲೇ ಕಾಮಿಕ್ಸ್ ಪುಟದಿಂದ ಹೆಸರು ಪಡೆದವರು, ನೋಡಿ.

1937ರಲ್ಲಿ ಅವರ ಚಿತ್ರ ಮೊದಲ ಸಲ ಅಚ್ಚಾಯಿತು. ಮನೆಯಲ್ಲಿ ಸ್ಪೈಕ್ ಅಂತ ಒಂದು ನಾಯಿ ಇತ್ತು. ಗುಂಡುಸೂಜಿ, ಮೊಳೆ, ಬ್ಲೇಡು ಎಲ್ಲ ತಿಂದು ಅರಗಿಸಿಕೊಳ್ಳುತ್ತಿತ್ತಂತೆ! ಅದರ ಚಿತ್ರ ಬಿಡಿಸಿ ವಿಚಿತ್ರ ಸಂಗತಿಗಳನ್ನು ಹಾಕುವ ರಿಪ್ಲೆಯ ಪ್ರಸಿದ್ಧ ಅಂಕಣಕ್ಕೆ ಕಳಿಸಿದರು, ಬಂತು. ಆದರೆ ಹೈಸ್ಕೂಲಿನ ವಾರ್ಷಿಕ ಸಂಚಿಕೆಗೆ ಕೊಟ್ಟ ಚಿತ್ರಗಳನ್ನು ಶಾಲೆಯವರು ಹಾಕಲಿಲ್ಲ. ಈ ಬೇಸರವನ್ನು ದೊಡ್ಡವರಾದ ಮೇಲೂ ಹೇಳಿಕೊಳ್ಳುತ್ತಿದ್ದರು. ಮುಂದೆ ಪೀನಟ್ಸ್‌ನ ಮುಖ್ಯ ಪಾತ್ರವಾದ ಹುಡುಗ ಚಾರ್ಲಿ ಬ್ರೌನ್ ಪ್ರತಿಸಲ ಸೋಲುವುದಕ್ಕೆ ಸಾಮಾನು ಎಲ್ಲಿಂದ ಬಂತು ಅಂತ ಹುಡುಕುವವರು ಇಲ್ಲಿಂದಲೇ ಶುರು ಮಾಡುತ್ತಾರೆ.

ಚಿತ್ರಕಲೆ ಕಲಿತದ್ದು ಅಂಚೆಯಲ್ಲಿ. ಮಿನಿಯಾಪೊಲಿಸ್‌ನಲ್ಲಿ ಅಂಚೆ ಮೂಲಕ ಪಾಠ ಹೇಳುವ ಶಾಲೆಯೊಂದಿತ್ತು, ಅಪ್ಪ ಕಂತಿನಲ್ಲಿ ಫೀಸು ಕಟ್ಟಿದರು. 1943ರಲ್ಲಿ ಸೈನ್ಯಕ್ಕೆ ಕರೆ ಬಂದ ಹೊತ್ತಿನಲ್ಲೇ ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಸೈನ್ಯಕ್ಕೆ ಹೋದರು. ಯುರೋಪಿನಲ್ಲಿ 20ನೇ ಆರ್ಮರ್ಡ್ ಡಿವಿಜನ್‌ನಲ್ಲಿ ಮೆಷಿನ್ ಗನ್ ತಂಡದ ಮುಖ್ಯಸ್ಥರಾಗಿದ್ದರು. ವಾಪಸ್ ಬಂದ ಮೇಲೆ ಒಂದು ಕ್ಯಾಥಲಿಕ್ ಕಾಮಿಕ್ಸ್ ಪತ್ರಿಕೆಗೆ ಅಕ್ಷರ ಬರೆಯುವ ಕೆಲಸ ಮಾಡಿದರು. ಬಲೂನಿನೊಳಗಿನ ಮಾತುಗಳನ್ನು ಕೈಯಿಂದ ಬರೆಯುವ ಕೆಲಸ ಅದು. ಜೊತೆಗೆ ತಾವು ಕಲಿತ ಆ ಅಂಚೆ ಶಾಲೆಯಲ್ಲೇ ಪಾಠಗಳನ್ನು ತಿದ್ದುವ ಕೆಲಸ ಸಿಕ್ಕಿತು. ಅಲ್ಲಿನ ಸಹೋದ್ಯೋಗಿಗಳಲ್ಲಿ ಒಬ್ಬರ ಹೆಸರು ಚಾರ್ಲಿ ಬ್ರೌನ್, ಇನ್ನೊಬ್ಬರದು ಲೈನಸ್. ಎರಡೂ ಮುಂದೆ ಪೀನಟ್ಸ್ ಪಾತ್ರಗಳ ಹೆಸರಾದವು. ಅದೇ ಆಫೀಸಿನಲ್ಲಿದ್ದ ಕೆಂಗೂದಲಿನ ಹುಡುಗಿಯೊಬ್ಬಳನ್ನು 1950ರಲ್ಲಿ ಮದುವೆಗೆ ಕೇಳಿದರು, ಆಕೆ ಒಪ್ಪಲಿಲ್ಲ. ಸ್ಟ್ರಿಪ್‌ನಲ್ಲಿ ಚಾರ್ಲಿ ಬ್ರೌನ್ ದೂರದಿಂದಲೇ ನೋಡುವ ಪುಟ್ಟ ಕೆಂಗೂದಲ ಹುಡುಗಿ ಇದ್ದಾಳಲ್ಲ, ಅವಳ ಮುಖವನ್ನು ಶುಲ್ಜ್ ಓದುಗರಿಗೆ ಯಾವತ್ತೂ ತೋರಿಸಲಿಲ್ಲ.

1947ರಿಂದ ಸೇಂಟ್ ಪಾಲ್ ಪಯೋನಿಯರ್ ಪ್ರೆಸ್‌ನಲ್ಲಿ ವಾರಕ್ಕೊಮ್ಮೆ 'ಲಿಲ್ ಫೋಕ್ಸ್' ಬರುತ್ತಿತ್ತು. ಅದೂ ಕಾಮಿಕ್ಸ್ ಪುಟದಲ್ಲಲ್ಲ, ಮಹಿಳಾ ಪುಟದಲ್ಲಿ. ಇನ್ನೂ ಒಳ್ಳೆಯ ಜಾಗ ಕೊಡಿ ಅಂತ ಕೇಳಿದರು, ಸಂಪಾದಕರು ಆಗಲ್ಲ ಅಂದರು. ಹಣ ಜಾಸ್ತಿ ಮಾಡಿ ಅಂದರು, ಅದೂ ಆಗಲ್ಲ. ಹಾಗಾದರೆ ನಿಲ್ಲಿಸುತ್ತೇನೆ ಅಂದರು. ಸರಿ, ನಿಲ್ಲಿಸಿ ಅಂದರು. ಅಷ್ಟೇ, 1950ರ ಆರಂಭದಲ್ಲಿ ಮುಗಿಯಿತು. ಈ ಘಟನೆಯನ್ನು ನೆನಪಿನಲ್ಲಿಡಿ, ಯಾಕೆಂದರೆ 'ನಿಲ್ಲಿಸುತ್ತೇನೆ' ಅನ್ನುವ ಮಾತನ್ನು ಅವರು ಮುಂದೆಯೂ ಆಡುತ್ತಾರೆ. ಆಗ ಕೇಳಿಸಿಕೊಂಡವರು ಬೆವರುತ್ತಾರೆ.

ಆ ಚಿತ್ರಗಳ ಕಟ್ಟನ್ನು ನ್ಯೂಯಾರ್ಕಿನ ಯುನೈಟೆಡ್ ಫೀಚರ್ ಸಿಂಡಿಕೇಟ್‌ಗೆ ಕಳಿಸಿದರು. ಬನ್ನಿ ಅಂತ ಕರೆ ಬಂತು. ಆಫೀಸು ತೆರೆಯುವ ಮುಂಚೆಯೇ ಹೋಗಿ, ಹೊಸ ಚಿತ್ರಗಳ ಪೊಟ್ಟಣವನ್ನು ಅಲ್ಲಿ ಬಿಟ್ಟು, ತಿಂಡಿಗೆ ಹೋದರು. ವಾಪಸ್ ಬರುವಷ್ಟರಲ್ಲಿ ಅವರು ಪೊಟ್ಟಣ ಬಿಚ್ಚಿ ನೋಡಿ ತೀರ್ಮಾನ ಮಾಡಿಯಾಗಿತ್ತು. ಒಂಟಿ ಚಿತ್ರ ಬೇಡ, ನಾಲ್ಕು ಚೌಕದ ಸ್ಟ್ರಿಪ್ ಕೊಡಿ ಅಂದರು.

ಒಪ್ಪಂದ ಆಯಿತು. ಆ ಕಾಲದ ಬಹುತೇಕ ಒಪ್ಪಂದಗಳ ಹಾಗೆ ಇದರಲ್ಲೂ ಸ್ಟ್ರಿಪ್, ಪಾತ್ರಗಳು, ಹೆಸರು ಎಲ್ಲವೂ ಸಿಂಡಿಕೇಟ್‌ಗೆ. 27 ವರ್ಷದ ಹುಡುಗ, ಕೈಯಲ್ಲಿ ಇನ್ನೇನೂ ಇಲ್ಲ, ಎದುರಿಗೆ ದೇಶಕ್ಕೆಲ್ಲ ಮಾರುವ ಕಂಪನಿ. ಸಹಿ ಹಾಕದೆ ಏನು ಮಾಡುತ್ತಾರೆ? ಆಗ ಇದನ್ನು ಮೋಸ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ, ಇದೇ ದಂಧೆಯ ರೀತಿ. ಒಡೆತನ ಇಲ್ಲದಿರುವುದು ಹೇಗಿರುತ್ತದೆ ಅನ್ನುವುದು ಅವರಿಗೆ ಮೊದಲು ತಟ್ಟಿದ್ದು ಹೆಸರಿನ ವಿಷಯದಲ್ಲಿ. 'ಲಿಲ್ ಫೋಕ್ಸ್' ಅನ್ನುವುದು ಹಿಂದೆ ಬಂದಿದ್ದ ಇನ್ನೊಂದು ಸ್ಟ್ರಿಪ್‌ನ ಹೆಸರಿಗೆ ತೀರಾ ಹತ್ತಿರ ಆಗುತ್ತದೆ ಅಂತ ಸಿಂಡಿಕೇಟ್‌ನವರು ಅವರನ್ನು ಕೇಳದೆಯೇ 'ಪೀನಟ್ಸ್' ಅಂತ ಇಟ್ಟರು. ಕಡಲೆಕಾಯಿಗೂ ಈ ಮಕ್ಕಳಿಗೂ ಏನು ಸಂಬಂಧ? ಶುಲ್ಜ್‌ಗೆ ಈ ಹೆಸರು ಕೊನೆಯವರೆಗೂ ಇಷ್ಟವಾಗಲಿಲ್ಲ. ಘನತೆ ಇಲ್ಲದ ಹೆಸರು ಅಂತ ಸಂದರ್ಶನಗಳಲ್ಲಿ ಹೇಳಿಕೊಂಡೇ ಬಂದರು. ಎಷ್ಟೋ ವರ್ಷ ಭಾನುವಾರದ ಸ್ಟ್ರಿಪ್‌ನ ತಲೆಬರಹದಲ್ಲಿ ಪೀನಟ್ಸ್ ಜೊತೆಗೆ ಚಾರ್ಲಿ ಬ್ರೌನ್ ಹೆಸರೂ ಬರುತ್ತಿತ್ತು. ಅದು ಅವರ ಸಮಾಧಾನಕ್ಕೆ.

1950ರ ಅಕ್ಟೋಬರ್ 2ರಂದು ಏಳು ಪೇಪರ್‌ಗಳಲ್ಲಿ ಶುರುವಾಯಿತು. ವಾಷಿಂಗ್ಟನ್ ಪೋಸ್ಟ್, ಶಿಕಾಗೊ ಟ್ರಿಬ್ಯೂನ್‌ನಂಥ ದೊಡ್ಡವೂ ಇದ್ದವು, ಪೆನ್ಸಿಲ್ವೇನಿಯಾದ ಸಣ್ಣ ಪಟ್ಟಣಗಳ ಪೇಪರ್‌ಗಳೂ ಇದ್ದವು. ಮೊದಲ ತಿಂಗಳ ಗಳಿಕೆ 90 ಡಾಲರ್.

ಇಲ್ಲಿ ಚಿತ್ರಕಲಾ ವಿದ್ಯಾರ್ಥಿಯಾದ ನೀವು ಗಮನಿಸಬೇಕಾದ ಒಂದು ಸಂಗತಿ ಇದೆ. ಸಿಂಡಿಕೇಟ್ ಪೀನಟ್ಸನ್ನು ಮಾರಿದ್ದು ನಗುವಿಗಾಗಿ ಅಲ್ಲ, ಜಾಗ ಉಳಿತಾಯಕ್ಕಾಗಿ! ನಾಲ್ಕೂ ಚೌಕಗಳು ಒಂದೇ ಅಳತೆ. ಪೇಪರ್‌ನವರು ಅವನ್ನು ಅಡ್ಡಕ್ಕೆ ಸಾಲಾಗಿ ಹಾಕಬಹುದು, ಉದ್ದಕ್ಕೆ ಒಂದರ ಕೆಳಗೊಂದು ಹಾಕಬಹುದು, ಎರಡರ ಮೇಲೆ ಎರಡು ಇಟ್ಟು ಚೌಕ ಮಾಡಬಹುದು. ಅಳತೆಯೂ ಬೇರೆ ಸ್ಟ್ರಿಪ್‌ಗಳಿಗಿಂತ ಚಿಕ್ಕದು. ಇದು ಅವರ ಆಯ್ಕೆ ಅಲ್ಲ, ಹೇರಿದ್ದು. ಅವರಿಗೆ ಇದರ ಮೇಲೂ ಸಿಟ್ಟಿತ್ತು. ಆದರೆ ಇಷ್ಟು ಚಿಕ್ಕ ಜಾಗದಲ್ಲಿ ಹಿನ್ನೆಲೆ ತುಂಬಲು ಆಗಲ್ಲ, ಹತ್ತು ಜನರನ್ನು ನಿಲ್ಲಿಸಲು ಆಗಲ್ಲ. ಆದ್ದರಿಂದ ಒಂದು ಗೋಡೆ, ಎರಡು ಮಕ್ಕಳು, ನಾಲ್ಕು ಹುಲ್ಲಿನ ಗೆರೆ, ಕಡಿಮೆ ಮಾತು. ಆಗಿನ ಕಾಮಿಕ್ಸ್ ಪುಟದಲ್ಲಿ ಎಲ್ಲರೂ ಕಿಕ್ಕಿರಿದು ಬಿಡಿಸುತ್ತಿದ್ದಾಗ ಈ ಬಿಳಿ ಜಾಗವೇ ಕಣ್ಣು ಸೆಳೆಯಿತು. ದೊಡ್ಡವರು ಚಿತ್ರದಲ್ಲಿ ಬರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಯಾಕೆಂದರೆ ಎಲ್ಲವನ್ನೂ ನೋಡುವುದು ಮಗುವಿನ ಕಣ್ಣಿನ ಎತ್ತರದಿಂದ. ದೊಡ್ಡವರನ್ನು ತಂದರೆ ಚೌಕದಲ್ಲಿ ಅವರ ಮೊಣಕಾಲಷ್ಟೇ ಕಾಣಬೇಕು. ಈ ಸಮ ಅಳತೆಯ ನಾಲ್ಕು ಚೌಕಗಳ ಕಟ್ಟಿನಿಂದ ಅವರು ಬಿಡಿಸಿಕೊಂಡದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ಬೇಡ ಅನ್ನುವ ಧೈರ್ಯ ಯಾವ ಸಂಪಾದಕರಿಗೂ ಇರಲಿಲ್ಲ.

ಭಾನುವಾರದ ಬಣ್ಣದ ಸ್ಟ್ರಿಪ್ 1952ರ ಜನವರಿಯಲ್ಲಿ ಸೇರಿಕೊಂಡಿತು. ಅದರಲ್ಲೂ ಇಂಥದೇ ಕಿರಿಕಿರಿ. ಮೇಲಿನ ಸಾಲಿನ ಚೌಕಗಳನ್ನು ಬೇಕಾದರೆ ಪೇಪರ್‌ನವರು ಕಿತ್ತುಹಾಕಬಹುದು ಅನ್ನುವ ಹಾಗೆ ಬಿಡಿಸಬೇಕು. ಅಂದರೆ ಮೊದಲೆರಡು ಚೌಕದಲ್ಲಿ ಒಂದು ಸಣ್ಣ ನಗು ಇರಬೇಕು, ಆದರೆ ಅದು ಇಲ್ಲದಿದ್ದರೂ ಕತೆ ಕೆಡಬಾರದು. ಭಾನುವಾರದ ಹಳೆಯ ಪೀನಟ್ಸ್ ಸಿಕ್ಕರೆ ಮೊದಲ ಸಾಲಿನ ಮೇಲೆ ಕೈ ಇಟ್ಟು ಮುಚ್ಚಿ ಓದಿ ನೋಡಿ, ಗೊತ್ತಾಗುತ್ತದೆ.

ಒಬ್ಬರೇ ಬಿಡಿಸಿದರಾ ಅಂತ ಕೇಳಿದ್ದೀರಿ. ಪೇಪರ್‌ನಲ್ಲಿ ಬಂದ ಸ್ಟ್ರಿಪ್‌ನ ಮಟ್ಟಿಗೆ, ಹೌದು. ಐಡಿಯಾ, ಪೆನ್ಸಿಲ್, ಇಂಕು, ಅಕ್ಷರ, ಎಲ್ಲ ಅವರದೇ. ಒಟ್ಟು 17,897 ಸ್ಟ್ರಿಪ್‌ಗಳು. ಪೀನಟ್ಸ್ ಹೆಸರಿನ ಕಾಮಿಕ್ ಪುಸ್ತಕಗಳು 1950ರ ದಶಕದ ಕೊನೆಗೆ ಬಂದಾಗ ಅವುಗಳಲ್ಲಿ ಸಹಾಯಕರ ಕೈ ಇತ್ತು, ಅದನ್ನು ಕೆಲವರು ತೋರಿಸಿ ವಾದ ಮಾಡುತ್ತಾರೆ. ಅದು ಬೇರೆ ಲೆಕ್ಕ. ದಿನದ ಸ್ಟ್ರಿಪ್‌ಗೆ ಅವರು ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಇದು ಆ ದಂಧೆಯಲ್ಲಿ ಎಷ್ಟು ಅಪರೂಪ ಅಂದರೆ, ಯಶಸ್ವಿ ಸ್ಟ್ರಿಪ್‌ಗಳ ಹಿಂದೆ ಸಾಮಾನ್ಯವಾಗಿ ಒಂದು ಸ್ಟುಡಿಯೋನೇ ಇರುತ್ತದೆ. ಗಾರ್ಫೀಲ್ಡ್‌ಗೆ ಜಿಮ್ ಡೇವಿಸ್ ಕಂಪನಿಯನ್ನೇ ಕಟ್ಟಿದರು. ನಮ್ಮಲ್ಲೂ ಎಲ್ಲರಿಗೂ ಗೊತ್ತಿರುವ ಫ್ಯಾಂಟಮ್‌ನ ಕತೆ ಬರೆಯುತ್ತಿದ್ದವರು ಲೀ ಫಾಕ್, ಚಿತ್ರ ಬಿಡಿಸುತ್ತಿದ್ದವರು ಬೇರೆ. ಲೀ ಫಾಕ್ 1999ರಲ್ಲಿ ತೀರಿಕೊಂಡ ಮೇಲೂ ಫ್ಯಾಂಟಮ್ ನಿಲ್ಲಲಿಲ್ಲ. ಬ್ಲಾಂಡಿ ಅನ್ನುವ ಸ್ಟ್ರಿಪ್ಪನ್ನು ಅದನ್ನು ಬಿಡಿಸುತ್ತಿದ್ದ ಅಪ್ಪ ಸತ್ತ ಮೇಲೆ ಮಗ ಮುಂದುವರಿಸಿದರು. ಸ್ಟ್ರಿಪ್ ಸಿಂಡಿಕೇಟಿನ ಸ್ವತ್ತು ಅಂದ ಮೇಲೆ ಬಿಡಿಸುವವರು ಬದಲಾದರೆ ಏನಂತೆ ಅನ್ನುವುದು ಅವರ ಲೆಕ್ಕ.

ಶುಲ್ಜ್ ಕೂತು ಕೆಲಸ ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ. 1958ರಲ್ಲಿ ಸೆಬಾಸ್ಟಪೋಲ್‌ಗೆ ಹೋದರು, ಆಮೇಲೆ ಹತ್ತಿರದ ಸಾಂಟಾ ರೋಸಾ. ಅಲ್ಲಿ 1969ರಲ್ಲಿ ಒಂದು ಐಸ್ ಸ್ಕೇಟಿಂಗ್ ಅಂಗಳ ಕಟ್ಟಿಸಿದರು, ಪಕ್ಕದಲ್ಲೇ ಸ್ಟುಡಿಯೋ. ಬೆಳಗ್ಗೆ ಆ ಅಂಗಳದ ಕೆಫೆಯಲ್ಲಿ ಮಫಿನ್‌ಗೆ ದ್ರಾಕ್ಷಿ ಜಾಮ್ ಹಚ್ಚಿಕೊಂಡು ತಿಂದು, ಸ್ಟುಡಿಯೋಗೆ ಹೋಗಿ, ಹಳದಿ ಕಾಗದದ ಪ್ಯಾಡಿನಲ್ಲಿ ಏನಾದರೂ ಗೀಚುತ್ತಾ ಕೂರುತ್ತಿದ್ದರು. ಗೀಚುತ್ತಾ ಗೀಚುತ್ತಾ ಐಡಿಯಾ ಬರಬೇಕು. ಪ್ರಯಾಣ ಅಂದರೆ ಆಗುತ್ತಿರಲಿಲ್ಲ, ಮನೆ ಬಿಟ್ಟು ಹೋಗುವುದೇ ಕಷ್ಟ. ಬಳಸುತ್ತಿದ್ದ ನಿಬ್ಬು ಎಸ್ಟರ್‌ಬ್ರೂಕ್ ಕಂಪನಿಯ 914 ನಂಬರಿನದು. ಆ ಕಂಪನಿ ಮುಚ್ಚುತ್ತದೆ ಅಂತ ಗೊತ್ತಾದಾಗ ಉಳಿದ ನಿಬ್ಬುಗಳನ್ನೆಲ್ಲ ಕೊಂಡಿಟ್ಟುಕೊಂಡರು. 1981ರಲ್ಲಿ ಹೃದಯದ ಬೈಪಾಸ್ ಆಯಿತು. ಆಮೇಲೆ ಕೈ ನಡುಕ ಜಾಸ್ತಿಯಾಯಿತು. ಕೊನೆಯ ಹದಿನೈದಿಪ್ಪತ್ತು ವರ್ಷಗಳ ಸ್ಟ್ರಿಪ್‌ಗಳನ್ನು ನೋಡಿ, ಗೆರೆ ಅಲುಗಾಡುವುದು ಬರಿಗಣ್ಣಿಗೇ ಕಾಣುತ್ತದೆ. ಆಗಲಾದರೂ ಇಂಕು ಹಾಕಲು ಒಬ್ಬರನ್ನು ಇಟ್ಟುಕೊಳ್ಳಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಇಟ್ಟುಕೊಳ್ಳಲಿಲ್ಲ. ನನಗೆ ಆ ನಡುಗುವ ಗೆರೆಯೇ ಜಾಸ್ತಿ ಇಷ್ಟ, ಅದು ನನ್ನ ರುಚಿ ಬಿಡಿ. ರಜೆಯಂತೂ ಕೇಳಲೇಬೇಡಿ. ಇಡೀ ವೃತ್ತಿಜೀವನದಲ್ಲಿ ಹಳೆಯ ಸ್ಟ್ರಿಪ್‌ಗಳನ್ನು ಮರುಮುದ್ರಿಸಿ ರಜೆ ತೆಗೆದುಕೊಂಡದ್ದು ಒಂದೇ ಸಲ, 1997ರಲ್ಲಿ, 75 ತುಂಬಿದ ಸಂದರ್ಭಕ್ಕೆ ಐದು ವಾರ.

ಹೀಗೆ ಒಬ್ಬರೇ ಬಿಡಿಸುವುದರಲ್ಲಿ ಒಂದು ಬಲ ಇದೆ ಅಂದೆನಲ್ಲ, ಅದಕ್ಕೆ ಫ್ರಾಂಕ್ಲಿನ್ ಪ್ರಸಂಗ ಸಾಕು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಕೆಲವೇ ದಿನಗಳಲ್ಲಿ ಲಾಸ್ ಏಂಜಲೀಸ್‌ನ ಒಬ್ಬ ಶಾಲಾ ಶಿಕ್ಷಕಿ ಶುಲ್ಜ್‌ಗೆ ಪತ್ರ ಬರೆದರು. ನಿಮ್ಮ ಮಕ್ಕಳ ಗುಂಪಿಗೆ ಕಪ್ಪು ಮಗುವೊಂದನ್ನು ಸೇರಿಸಿ ಅಂತ. ಕಪ್ಪು ಜನರಿಗೆ ಅದು ಮೇಲಿನಿಂದ ಕನಿಕರ ತೋರಿಸಿದ ಹಾಗೆ ಕಂಡರೆ ಅನ್ನುವ ಅಳುಕು ಶುಲ್ಜ್‌ಗೆ ಇತ್ತು, ಹಾಗಂತ ಉತ್ತರ ಬರೆದರು. ಆಕೆ ತಮ್ಮ ಕಪ್ಪು ಸ್ನೇಹಿತರಿಂದಲೂ ಪತ್ರ ಬರೆಸಿದರು. ಜುಲೈ 31ರಂದು ಸಮುದ್ರದ ದಡದಲ್ಲಿ ಫ್ರಾಂಕ್ಲಿನ್ ಬಂದ, ಚಾರ್ಲಿ ಬ್ರೌನ್‌ನ ಚೆಂಡು ತಂದುಕೊಟ್ಟ. ಭಾಷಣ ಇಲ್ಲ, ಏನಿಲ್ಲ. ಆಮೇಲೆ ಅವನನ್ನು ಬಿಳಿಯ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಿಸಿದ್ದಕ್ಕೆ ದಕ್ಷಿಣದ ಒಬ್ಬ ಸಂಪಾದಕರು ತಕರಾರು ಮಾಡಿದರು. ಸಿಂಡಿಕೇಟಿನ ಅಧ್ಯಕ್ಷರೂ ಹಿಂದೆಮುಂದೆ ನೋಡಿದರು. ನಾನು ಬಿಡಿಸಿದ ಹಾಗೇ ಹಾಕಿ, ಇಲ್ಲದಿದ್ದರೆ ನಾನು ಬಿಡುತ್ತೇನೆ, ಏನು ಹೇಳುತ್ತೀರಿ ಅಂತ ಶುಲ್ಜ್ ಆ ಅಧ್ಯಕ್ಷರನ್ನು ಕೇಳಿದರು. ಹಾಕಿದರು. ಕಾಗದದ ಪ್ರಕಾರ ಫ್ರಾಂಕ್ಲಿನ್ ಸಿಂಡಿಕೇಟಿನ ಸ್ವತ್ತೇ. ಆದರೆ ನಾಳೆಯ ಸ್ಟ್ರಿಪ್ ಬಿಡಿಸಲು ಜಗತ್ತಿನಲ್ಲಿ ಇದ್ದದ್ದು ಒಂದೇ ಕೈ. ಪಯೋನಿಯರ್ ಪ್ರೆಸ್‌ನಲ್ಲಿ ಸೋತ ಮಾತು ಇಲ್ಲಿ ಗೆದ್ದಿತು, ಅಲ್ವಾ?

ಸಿಂಡಿಕೇಟಿಗೂ ಇದು ಗೊತ್ತಿತ್ತು. ಒಂದು ಹಂತದಲ್ಲಿ ಅವರು ಸೂಪರ್‌ಮ್ಯಾನ್ ಬಿಡಿಸುತ್ತಿದ್ದ ಆಲ್ ಪ್ಲಾಸ್ಟಿನೋ ಅನ್ನುವ ಕಲಾವಿದರಿಂದ ಗುಟ್ಟಾಗಿ ಒಂದಷ್ಟು ಪೀನಟ್ಸ್ ಬಿಡಿಸಿ ಇಟ್ಟುಕೊಂಡಿದ್ದರು. ಅವು ಅಚ್ಚಾಗಲಿಲ್ಲ. ಆದರೆ ನೀವಿಲ್ಲದಿದ್ದರೂ ನಡೆಸುತ್ತೇವೆ ಅನ್ನುವ ಯೋಚನೆ ಆ ಆಫೀಸಿನಲ್ಲಿ ಓಡಾಡಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ದೊಡ್ಡ ದುಡ್ಡು ಬಂದದ್ದು ಪೇಪರ್‌ನಿಂದಲ್ಲ ಅನ್ನುವುದನ್ನೂ ಹೇಳಬೇಕು. ಉತ್ತುಂಗದಲ್ಲಿ ಪೀನಟ್ಸ್ ಸುಮಾರು 2,600 ಪೇಪರ್‌ಗಳಲ್ಲಿ, 75 ದೇಶಗಳಲ್ಲಿ, 21 ಭಾಷೆಗಳಲ್ಲಿ ಬರುತ್ತಿತ್ತು, ನಿಜ. ಆದರೆ ಗೊಂಬೆ, ಶುಭಾಶಯ ಪತ್ರ, ಟೀಶರ್ಟು, ಫೋರ್ಡ್ ಕಾರಿನ ಜಾಹೀರಾತು, ಆಮೇಲೆ ಮೆಟ್‌ಲೈಫ್ ವಿಮೆ ಜಾಹೀರಾತು, ಇವುಗಳ ರಾಯಲ್ಟಿ ಮುಂದೆ ಪೇಪರ್ ಹಣ ಏನೂ ಅಲ್ಲ. 1965ರ ಡಿಸೆಂಬರ್ 9ರಂದು ಸಿಬಿಎಸ್ ಚಾನೆಲ್‌ನಲ್ಲಿ ಚಾರ್ಲಿ ಬ್ರೌನ್‌ನ ಕ್ರಿಸ್ಮಸ್ ಕಾರ್ಯಕ್ರಮ ಬಂತು. ಚಾನೆಲ್‌ನವರಿಗೆ ಅದು ಹಿಡಿಸಿರಲಿಲ್ಲ. ಹಿನ್ನೆಲೆಯಲ್ಲಿ ನಗುವಿನ ಶಬ್ದ ಇಲ್ಲ, ನಿಜವಾದ ಮಕ್ಕಳ ದನಿ, ಜಾಜ್ ಸಂಗೀತ, ನಡುವೆ ಬೈಬಲ್ ಓದುವುದು ಬೇರೆ. ಪ್ರಸಾರವಾದ ರಾತ್ರಿ ಓಡುತ್ತಿದ್ದ ಟಿವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಅದೇ ಇತ್ತು. 1969ರ ಮೇ ತಿಂಗಳಲ್ಲಿ ಅಪೊಲೊ 10 ಚಂದ್ರನ ಹತ್ತಿರ ಹೋದಾಗ ಅದರ ಎರಡು ನೌಕೆಗಳ ಹೆಸರು ಚಾರ್ಲಿ ಬ್ರೌನ್ ಮತ್ತು ಸ್ನೂಪಿ.

ಇಷ್ಟೊಂದು ಸರಕು ಮಾರಿದ್ದು ಸರಿಯಾ ಅಂತ ಜಗಳ ಇವತ್ತಿಗೂ ಇದೆ. ಕ್ಯಾಲ್ವಿನ್ ಅಂಡ್ ಹಾಬ್ಸ್ ಬಿಡಿಸಿದ ಬಿಲ್ ವಾಟರ್‌ಸನ್ ಶುಲ್ಜ್‌ರನ್ನು ಗುರುವಿನ ಹಾಗೆ ಕಂಡವರು, ಆದರೆ ಈ ವಿಷಯದಲ್ಲಿ ಪೂರ್ತಿ ಉಲ್ಟಾ. ಅವರ ಒಪ್ಪಂದದಲ್ಲೂ ಹಕ್ಕು ಸಿಂಡಿಕೇಟಿನದ್ದೇ. ಒಂದು ಗೊಂಬೆಯನ್ನೂ ಮಾಡಲು ಬಿಡಲ್ಲ ಅಂತ ವರ್ಷಗಟ್ಟಲೆ ಹೋರಾಡಿ 1991ರಲ್ಲಿ ಒಪ್ಪಂದ ಬದಲಿಸಿಕೊಂಡರು. ಭಾನುವಾರದ ಸ್ಟ್ರಿಪ್‌ಗೆ ಯಾರೂ ಕತ್ತರಿಸಲಾಗದ ಅರ್ಧ ಪುಟ ಬೇಕು ಅಂತ ಹಟ ಹಿಡಿದು ಪಡೆದರು. 1985ರಿಂದ 1995ರವರೆಗೆ ಹತ್ತು ವರ್ಷ ಬಿಡಿಸಿ ನಿಲ್ಲಿಸಿಬಿಟ್ಟರು. ಶುಲ್ಜ್‌ಗೆ ಸರಕಿನ ಬಗ್ಗೆ ಅಂಥ ಮುಜುಗರ ಇರಲಿಲ್ಲ. ಪೇಪರ್ ಮಾರಲಿಕ್ಕೆಂದೇ ಹುಟ್ಟಿದ ಕಲೆ ಇದು, ಮಾರಾಟವೇ ಕೊಳಕು ಅಂದರೆ ಹೇಗೆ ಅನ್ನುವ ಧಾಟಿ ಅವರದು. ನಾನು ಈ ಜಗಳದಲ್ಲಿ ಯಾರ ಕಡೆಗೂ ಪೂರ್ತಿ ಹೋಗುವುದಿಲ್ಲ. ಆದರೆ ವಿಮೆ ಕಂಪನಿಯ ಸ್ನೂಪಿ ನೋಡಿದಾಗ ವಾಟರ್‌ಸನ್ ಹೇಳಿದ್ದರಲ್ಲಿ ಹುರುಳಿದೆ ಅನ್ನಿಸುತ್ತದೆ.

ನಮ್ಮ ಕಡೆಯ ದಾರಿ ಬೇರೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಶುಲ್ಜ್‌ಗಿಂತ ಒಂದು ವರ್ಷ ದೊಡ್ಡವರು. ಕೊರವಂಜಿ ಹಾಸ್ಯ ಪತ್ರಿಕೆಗೆ ಚಿತ್ರ ಬಿಡಿಸಿ ಆಮೇಲೆ ಮುಂಬೈಗೆ ಹೋದರು. ಟೈಮ್ಸ್ ಆಫ್ ಇಂಡಿಯಾದಲ್ಲಿ ಅವರ ಪಾಕೆಟ್ ಕಾರ್ಟೂನ್ ಶುರುವಾದದ್ದು 1951ರಲ್ಲಿ, ಪೀನಟ್ಸ್ ಶುರುವಾದ ಮರುವರ್ಷ. ಇಬ್ಬರೂ ಐವತ್ತು ವರ್ಷದ ಆಚೀಚೆ ದಿನಾ ಬಿಡಿಸಿದವರು. ಆದರೆ ಲಕ್ಷ್ಮಣ್ ಒಂದು ಪೇಪರ್‌ನ ನೌಕರರು, ಅವರ ಚಿತ್ರ ಇವತ್ತಿನ ಸುದ್ದಿಗೆ ಅಂಟಿಕೊಂಡದ್ದು, ನಾಳೆಗೆ ಹಳತು. ಸಿಂಡಿಕೇಟ್ ಸ್ಟ್ರಿಪ್ ಸುದ್ದಿಗೆ ಅಂಟಿಕೊಳ್ಳುವ ಹಾಗೇ ಇಲ್ಲ, ಯಾಕೆಂದರೆ ಅದನ್ನು ವಾರಗಟ್ಟಲೆ ಮೊದಲೇ ಕೊಡಬೇಕು. ಭಾನುವಾರದ್ದು ಬಣ್ಣದ ಮುದ್ರಣ, ಅದನ್ನು ಇನ್ನೂ ಮುಂಚೆ.

ಈ ಮುಂಚೆ ಕೊಡುವ ಪದ್ಧತಿ ಗೊತ್ತಿದ್ದರೆ ಅವರ ಕೊನೆಯ ದಿನಗಳ ಲೆಕ್ಕವೂ ಸರಿಹೋಗುತ್ತದೆ. 1999ರ ನವೆಂಬರ್‌ನಲ್ಲಿ ಪಾರ್ಶ್ವವಾಯು ಆಯಿತು, ಕರುಳಿನ ಕ್ಯಾನ್ಸರ್ ಹರಡಿರುವುದು ಗೊತ್ತಾಯಿತು. ಡಿಸೆಂಬರ್ 14ರಂದು ನಿವೃತ್ತಿ ಹೇಳಿದರು. ವಾರದ ದಿನಗಳ ಕೊನೆಯ ಸ್ಟ್ರಿಪ್ ಬಂದದ್ದು 2000ದ ಜನವರಿ 3ಕ್ಕೆ, ಕೊನೆಯ ಭಾನುವಾರದ್ದು ಫೆಬ್ರವರಿ 13ಕ್ಕೆ. ಭಾನುವಾರದ ಪುಟಗಳು ಮೊದಲೇ ಹೋಗಿದ್ದರಿಂದ ಆ ಆರು ವಾರದ ಅಂತರ. ಶುಲ್ಜ್ ತೀರಿಕೊಂಡದ್ದು ಫೆಬ್ರವರಿ 12ರ ರಾತ್ರಿ. ಬೆಳಗಾದರೆ ಪೇಪರ್‌ನಲ್ಲಿ ಓದುಗರಿಗೆ ಅವರ ವಿದಾಯದ ಪತ್ರ. ಕಾಕತಾಳೀಯವೇ ಇರಬಹುದು, ಓದಿದವರಿಗೆ ಹಾಗನ್ನಿಸಲಿಲ್ಲ.

ಬೇರೆ ಯಾರೂ ಮುಂದುವರಿಸದಿರಲು ಕಾರಣ, ಅವರು ಹಾಗೆ ಕೇಳಿಕೊಂಡಿದ್ದರು. ತಮ್ಮ ನಂತರ ಯಾರೂ ಹೊಸ ಸ್ಟ್ರಿಪ್ ಬಿಡಿಸಬಾರದು ಅನ್ನುವುದನ್ನು ಒಪ್ಪಂದದ ಮಾತುಕತೆಯಲ್ಲೇ ತಂದಿದ್ದರು, ಮನೆಯವರೂ ಅದಕ್ಕೆ ಗಟ್ಟಿಯಾಗಿ ನಿಂತರು. ಸಿಂಡಿಕೇಟ್ ಮಾಲೀಕನಾಗಿದ್ದರೂ ಈ ಮಾತನ್ನು ನಡೆಸಿಕೊಟ್ಟಿತು. ಇವತ್ತು ಪೇಪರ್‌ಗಳಲ್ಲಿ ಬರುವುದೆಲ್ಲ ಹಳೆಯವೇ. ಆ ಹಳೆಯವಕ್ಕೂ ಹಣ ಕೊಟ್ಟು ಹಾಕುತ್ತಾರೆ. ಒಡೆತನ ಮಾತ್ರ ಕೈ ಬದಲಾಯಿಸುತ್ತಲೇ ಇದೆ. 2010ರಲ್ಲಿ ಐಕಾನಿಕ್ಸ್ ಅನ್ನುವ ಕಂಪನಿ ಪೀನಟ್ಸನ್ನು 17.5 ಕೋಟಿ ಡಾಲರ್‌ಗೆ ಕೊಂಡಾಗ ಶುಲ್ಜ್ ಕುಟುಂಬಕ್ಕೂ ಅದರಲ್ಲಿ ಶೇ. 20 ಪಾಲು ಬಂತು. 1950ರ ಸಹಿಯ ನಂತರ ಆ ಮನೆಯವರು ಪೀನಟ್ಸ್‌ನ ಪಾಲುದಾರರಾಗಲು ಅರವತ್ತು ವರ್ಷ ಹಿಡಿಯಿತು.

ಇನ್ನು ನಿಮ್ಮ ಆಸೆ. ಅಮೆರಿಕದಲ್ಲೇ ಪೇಪರ್‌ಗಳು ಕಡಿಮೆಯಾಗುತ್ತಿವೆ, ಕಾಮಿಕ್ಸ್ ಪುಟ ಸಣ್ಣದಾಗುತ್ತಿದೆ. ಸಿಂಡಿಕೇಟ್ ಒಂದನ್ನೇ ನಂಬಿ ಕೂರಬೇಡಿ. ಆನ್‌ಲೈನ್‌ನಲ್ಲಿ ನಿಮ್ಮ ಹೆಸರಿನಲ್ಲೇ ಹಾಕಿ, ಓದುಗರನ್ನು ಕೂಡಿಸಿಕೊಳ್ಳಿ, ಆಮೇಲೆ ಯಾರಾದರೂ ಒಪ್ಪಂದ ತಂದರೆ ಕಾಪಿರೈಟ್ ಯಾರ ಹೆಸರಿನಲ್ಲಿ, ಗೊಂಬೆ-ಸಿನಿಮಾ ಹಕ್ಕು ಯಾರಿಗೆ, ಎಷ್ಟು ವರ್ಷಕ್ಕೆ, ನೀವು ಬಿಟ್ಟರೆ ಬೇರೆಯವರು ಬಿಡಿಸಬಹುದಾ, ಇಷ್ಟನ್ನು ವಕೀಲರ ಹತ್ತಿರ ಓದಿಸಿಯೇ ಸಹಿ ಹಾಕಿ. ಆದರೂ ಸಿಂಡಿಕೇಟ್‌ಗೆ ಕಳಿಸಿ ನೋಡಬೇಕು ಅನ್ನಿಸಿದರೆ ಚೆನ್ನಾಗಿ ಬಂದ ಐದಾರು ಸ್ಟ್ರಿಪ್ ಕಳಿಸಿ ಪ್ರಯೋಜನ ಇಲ್ಲ. ಸಾಮಾನ್ಯವಾಗಿ ಇಪ್ಪತ್ತನಾಲ್ಕರ ಆಸುಪಾಸು ಕೇಳುತ್ತಾರೆ, ಅಂದರೆ ಭಾನುವಾರ ಬಿಟ್ಟು ನಾಲ್ಕು ವಾರದ್ದು. ಮೂರನೇ ವಾರದಲ್ಲಿ ನಿಮ್ಮ ಐಡಿಯಾ ಬತ್ತುತ್ತದಾ ಅಂತ ನೋಡುವುದಕ್ಕೆ. ಕಳಿಸುವ ಮುಂಚೆ ಅದನ್ನು ನೀವೇ ನೋಡಿಕೊಳ್ಳಿ.